ನೋಯದ ಶ್ವಾಸಕೋಶ, ನೋಯುವ ಎದೆ

ಎದೆನೋವಿಗೆ ಕಾರಣ ಹುಡುಕುತ್ತ ಒಂದೆರಡು ಆಸ್ಪತ್ರೆಗಳನ್ನು ಸುತ್ತಿದ ರೋಗಿಯ ಕೈಗೆ ಕೊನೆಗೆ ಬರುವ ಸಿ.ಟಿ. ಸ್ಕ್ಯಾನಿನ ವರದಿಯಲ್ಲಿ, ಶ್ವಾಸಕೋಶದ ತಳಭಾಗ ಸ್ವಲ್ಪ ಕುಸಿದಿದೆಯೆಂದೋ, ಅಲ್ಲಿ ‘ಅಟೆಲೆಕ್ಟಾಸಿಸ್’ ಪಟ್ಟಿಗಳು ಕಾಣುತ್ತಿವೆಯೆಂದೋ ಬರೆದಿರುವುದು ಅಪರೂಪವಲ್ಲ. ಆ ಸಾಲನ್ನು ಓದಿದೊಡನೆ ನೋವಿನ ಮೂಲ ಪತ್ತೆಯಾಯಿತೆಂದು ರೋಗಿಯೂ ಮನೆಯವರೂ ಭಾವಿಸುತ್ತಾರೆ. ಆದರೆ ವೈದ್ಯರು ಅದನ್ನು ನೋಡಿ ಚಿಂತೆಗೆ ಕಾರಣವಿಲ್ಲವೆಂದು ಹೇಳಿ ಕಳುಹಿಸಿದಾಗ, ಸಿಕ್ಕ ಉತ್ತರವೂ ಕೈತಪ್ಪಿದಂತಾಗಿ ಹುಡುಕಾಟ ಮತ್ತೆ ಮೊದಲಾಗುತ್ತದೆ. ಈ ಗೊಂದಲದ ಬುಡದಲ್ಲಿರುವುದು ಕುಸಿತವೇ ನೋವನ್ನು ಹುಟ್ಟಿಸಿದೆ ಎಂಬ ಸಹಜವಾದ ಊಹೆ. ಆ ಊಹೆ ಕೆಲವು ಸಲ ನಿಜ. ಅನೇಕ ಸಲ ನಡೆದಿರುವುದು ಇದರ ತಿರುಗುಮುರುಗು, ಅಂದರೆ ನೋವು ಮೊದಲು ಬಂದು ಅದರ ದೆಸೆಯಿಂದ ಶ್ವಾಸಕೋಶ ಕುಸಿದಿರುತ್ತದೆ. ಇನ್ನು ಕೆಲವು ಸಲ ಎರಡಕ್ಕೂ ಯಾವ ನಂಟೂ ಇರುವುದಿಲ್ಲ. ವಿರಳವಾಗಿ, ಎರಡೂ ಬೇರೊಂದು ಅಪಾಯಕಾರಿ ಕಾರಣದಿಂದ ಹುಟ್ಟಿರುತ್ತವೆ. ಇವುಗಳಲ್ಲಿ ಯಾವುದು ಎಂಬುದನ್ನು ತೀರ್ಮಾನಿಸಲು ಶ್ವಾಸಕೋಶ ಎದೆಗೂಡಿನೊಳಗೆ ಹೇಗೆ ಹಿಗ್ಗಿ ನಿಂತಿದೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಶ್ವಾಸಕೋಶ ತಾನಾಗಿ ಹಿಗ್ಗುವ ಅಂಗವಲ್ಲ. ಅದರ ಅಂಗಾಂಶದಲ್ಲಿ ಸ್ಥಿತಿಸ್ಥಾಪಕ ಎಳೆಗಳು ತುಂಬಿರುವುದರಿಂದ ಅದು ಸದಾ ಕುಗ್ಗಲು ಹವಣಿಸುತ್ತದೆ. ಅದನ್ನು ಸುತ್ತುವರಿದ ಪಕ್ಕೆಲುಬುಗಳ ಗೂಡು ಹೊರಮುಖವಾಗಿ ಸರಿಯಲು ಹವಣಿಸುತ್ತದೆ. ಈ ಎರಡು ಎಳೆತಗಳ ನಡುವೆ ‘ಪ್ಲೂರಾ’ ಎಂಬ ತೆಳುಪೊರೆಯ ಎರಡು ಪದರಗಳಿವೆ. ಒಳಪದರ ಶ್ವಾಸಕೋಶಕ್ಕೂ ಹೊರಪದರ ಎದೆಗೋಡೆಗೂ ಅಂಟಿಕೊಂಡಿದ್ದು, ನಡುವಿನ ಸಂದಿನಲ್ಲಿ ಕೆಲವೇ ಮಿಲಿಲೀಟರಿನಷ್ಟು ದ್ರವ ಇರುತ್ತದೆ. ನೀರು ಸವರಿ ಒಂದರ ಮೇಲೊಂದು ಇಟ್ಟ ಎರಡು ಗಾಜಿನ ಹಲಗೆಗಳು ಹೇಗೆ ಪಕ್ಕಕ್ಕೆ ಜಾರಬಲ್ಲವಾದರೂ ಬಿಡಿಸಿಕೊಳ್ಳಲಾರವೋ ಹಾಗೆ ಈ ಪದರಗಳು ಒಂದನ್ನೊಂದು ಬಿಡದೆ ಜಾರುತ್ತವೆ; ಸಂದಿನ ಒತ್ತಡ ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ತುಸು ಕಡಿಮೆಯಿರುವುದರಿಂದ ಶ್ವಾಸಕೋಶ ಎದೆಗೂಡಿನ ಚಲನೆಯನ್ನು ಅನುಸರಿಸಿ ಹಿಗ್ಗುತ್ತದೆ, ಕುಗ್ಗುತ್ತದೆ.

ಆ ಸಂದಿಗೆ ಗಾಳಿ ನುಗ್ಗಿದರೆ ಈ ಬಂಧ ಕಡಿದುಹೋಗಿ, ಶ್ವಾಸಕೋಶ ತನ್ನ ಸ್ವಭಾವದಂತೆ ಒಳಕ್ಕೆ ಮುದುಡಿಕೊಳ್ಳುತ್ತದೆ. ಇದನ್ನು ‘ನ್ಯೂಮೋಥೊರಾಕ್ಸ್’ ಎನ್ನುತ್ತಾರೆ. ಈ ಹೆಸರನ್ನು 1803ರಲ್ಲಿ ಬಳಕೆಗೆ ತಂದವನು ಫ್ರಾನ್ಸಿನ ವೈದ್ಯ ಇಟಾರ್. ಕಾಡಿನಲ್ಲಿ ಸಿಕ್ಕಿದ ಅವೆರಾನಿನ ಹುಡುಗನಿಗೆ ಮಾತು ಕಲಿಸಲು ವರ್ಷಗಟ್ಟಲೆ ಹೆಣಗಿದವನೂ ಅವನೇ. ರೋಗದ ಲಕ್ಷಣಗಳನ್ನು ಹಾಸಿಗೆಯ ಪಕ್ಕದಲ್ಲೇ ಗುರುತಿಸುವ ಬಗೆಯನ್ನು ವಿವರಿಸಿದವನು ಸ್ಟೆಥೊಸ್ಕೋಪನ್ನು ರೂಪಿಸಿದ ಲೆನೆಕ್. 1819ರಲ್ಲಿ ಹೊರಬಂದ ಅವನ ಗ್ರಂಥದಲ್ಲಿ, ಬೆರಳಿನಿಂದ ತಟ್ಟಿದರೆ ಎದೆ ಟೊಳ್ಳಾಗಿ ದನಿಗುಡುತ್ತ, ಅದೇ ಕಡೆ ಉಸಿರಿನ ಸದ್ದು ಮಾತ್ರ ಕೇಳದಿರುವ ಸ್ಥಿತಿಯ ವಿವರಣೆಯಿದೆ. ಅಂದಿನಿಂದ ನೂರು ವರ್ಷಗಳಿಗೂ ಮಿಗಿಲಾಗಿ ಇದನ್ನು ಕ್ಷಯರೋಗದ ಫಲವೆಂದೇ ಬಹುಮಟ್ಟಿಗೆ ಭಾವಿಸಲಾಗಿತ್ತು. ಆರೋಗ್ಯವಂತರಾದ ತರುಣರಲ್ಲಿಯೂ ಇದು ತಾನಾಗಿ ಉಂಟಾಗುತ್ತದೆಂದು, ಹಾಗಾದಾಗ ಕ್ಷಯ ಸಾಮಾನ್ಯವಾಗಿ ಕಾರಣವಲ್ಲವೆಂದು ಡೆನ್ಮಾರ್ಕಿನ ಕಿಯೇರ್ಗಾರ್ಡ್ 1932ರಲ್ಲಿ ತೋರಿಸಿಕೊಟ್ಟನು. ಎತ್ತರವಾಗಿ ತೆಳ್ಳಗಿರುವ ಹದಿಹರೆಯದವರು ಮತ್ತು ಇಪ್ಪತ್ತು-ಮೂವತ್ತರ ಗಂಡಸರಲ್ಲಿ ಇದು ಹೆಚ್ಚು. ಶ್ವಾಸಕೋಶದ ತುದಿಯಲ್ಲಿರುವ ಸಣ್ಣ ಗಾಳಿಗುಳ್ಳೆಯೊಂದು ಸೋರುವುದು ಇದರ ಸಾಮಾನ್ಯ ಕಾರಣ. ಬೀಡಿ ಸಿಗರೇಟುಗಳ ಪಾತ್ರ ಇಲ್ಲಿ ಸಣ್ಣದಲ್ಲ: ಸ್ಟಾಕ್‌ಹೋಮಿನಲ್ಲಿ ನಡೆದು 1987ರಲ್ಲಿ ಪ್ರಕಟವಾದ ಅಧ್ಯಯನವೊಂದು, ಧೂಮಪಾನ ಮಾಡುವ ಗಂಡಸರಲ್ಲಿ ಇದರ ಸಂಭವ ಸುಮಾರು 22 ಪಟ್ಟು, ಹೆಂಗಸರಲ್ಲಿ ಸುಮಾರು 9 ಪಟ್ಟು ಹೆಚ್ಚೆಂದು ಕಂಡುಕೊಂಡಿತು.

‘ಅಟೆಲೆಕ್ಟಾಸಿಸ್’ ಎಂಬುದು ಇದಕ್ಕಿಂತ ಬೇರೆಯಾದ ಕುಸಿತ. ಇಲ್ಲಿ ಹೊರಗಿನ ಸಂದಿಗೆ ಗಾಳಿ ಸೇರುವುದಿಲ್ಲ. ಶ್ವಾಸಕೋಶದ ಒಳಗಿರುವ ಕೋಟ್ಯಂತರ ಗಾಳಿಗೂಡುಗಳಲ್ಲಿ ಒಂದು ಭಾಗದವು ಗಾಳಿಯನ್ನು ಕಳೆದುಕೊಂಡು ಮುಚ್ಚಿಕೊಳ್ಳುತ್ತವೆ. ಶ್ವಾಸನಾಳದ ಒಂದು ಕವಲು ಕಟ್ಟಿಕೊಂಡರೆ, ಅದರಾಚೆ ಸಿಕ್ಕಿಬಿದ್ದ ಗಾಳಿಯನ್ನು ರಕ್ತ ಕ್ರಮೇಣ ಹೀರಿಕೊಳ್ಳುವುದರಿಂದ ಆ ಭಾಗ ಬರಿದಾಗುತ್ತದೆ. ಗಟ್ಟಿ ಕಫ, ಗಡ್ಡೆ, ಕ್ಷಯದಿಂದ ಊದಿಕೊಂಡ ದುಗ್ಧಗ್ರಂಥಿಯ ಒತ್ತಡ ಇವೆಲ್ಲ ಹೀಗೆ ಕಟ್ಟಬಲ್ಲವು. ಮಕ್ಕಳಲ್ಲಿ ಕಡಲೆಕಾಯಿ ಬೀಜ, ದೊಡ್ಡವರಲ್ಲಿ ಎಲೆಅಡಿಕೆ ಜಗಿಯುತ್ತಲೇ ನಗುವಾಗಲೋ ನಿದ್ದೆಗೆ ಜಾರುವಾಗಲೋ ಒಳಸೇರಿದ ಅಡಿಕೆಚೂರು ಕೂಡ ಇದನ್ನು ಮಾಡುತ್ತವೆ, ಮತ್ತು ಅಂಥ ಚೂರು ಒಳಹೋದದ್ದು ರೋಗಿಗೆ ನೆನಪೇ ಇರದೆ, ಬಿಡದ ಕೆಮ್ಮಿಗೆ ಔಷಧ ನಡೆಯುತ್ತಿರಬಹುದು. ಪ್ಲೂರಾದ ಸಂದಿನಲ್ಲಿ ನೀರು ತುಂಬಿಕೊಂಡರೆ ಅದರ ಒತ್ತಡದಿಂದಲೂ ಶ್ವಾಸಕೋಶ ಕುಸಿಯುತ್ತದೆ. ಗಾಳಿಗೂಡುಗಳ ಒಳಮೈಯಲ್ಲಿ ‘ಸರ್ಫ್ಯಾಕ್ಟಂಟ್’ ಎಂಬ, ಮೇಲ್ಮೈ ಎಳೆತವನ್ನು ತಗ್ಗಿಸುವ ಲೇಪವೊಂದಿದ್ದು, ಅದು ಸಾಲದಿದ್ದರೂ ಅವು ತೆರೆದು ನಿಲ್ಲಲಾರವು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಉಸಿರಾಟದ ತೊಂದರೆಗೆ ಈ ಕೊರತೆಯೇ ಕಾರಣವೆಂದು ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ 1959ರಲ್ಲಿ ತೋರಿಸಿದರು.

ಇವೆಲ್ಲಕ್ಕಿಂತ ಸಾಮಾನ್ಯವಾದರೂ ಕಡಿಮೆ ಗಮನಕ್ಕೆ ಬರುವ ಕಾರಣವೊಂದಿದೆ. ಅದು ಆಳವಿಲ್ಲದ ಉಸಿರು. ಆರೋಗ್ಯವಂತ ಮನುಷ್ಯ ತನ್ನ ಅರಿವಿಲ್ಲದೆಯೇ ಸುಮಾರು ಐದು ನಿಮಿಷಕ್ಕೊಮ್ಮೆ ಒಂದು ನಿಟ್ಟುಸಿರು ಬಿಡುತ್ತಾನೆ. ದುಃಖಕ್ಕೂ ಅದಕ್ಕೂ ಸಂಬಂಧವಿಲ್ಲ. ಮುಚ್ಚಿಕೊಳ್ಳತೊಡಗಿದ ಗಾಳಿಗೂಡುಗಳನ್ನು ಮತ್ತೆ ತೆರೆಯಲೆಂದು ಮಿದುಳಿನ ಕಾಂಡವೇ ಹೊರಡಿಸುವ ಇಮ್ಮಡಿ ಗಾತ್ರದ ಉಸಿರದು. ಪಕ್ಕೆಲುಬು ಮುರಿದವರು, ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆಯಾದವರು, ಪಕ್ಕೆಯಲ್ಲಿ ಚಳಕು ಹಿಡಿದವರು ಆ ದೊಡ್ಡ ಉಸಿರನ್ನು ಎಳೆಯಲಾರರು, ಏಕೆಂದರೆ ಎಳೆದೊಡನೆ ನೋವು ಇರಿಯುತ್ತದೆ. ಹೀಗಾಗಿ ಅವರ ಉಸಿರು ಗಂಟೆಗಟ್ಟಲೆ ಮೇಲಿಂದಮೇಲೆ ಸಣ್ಣದಾಗಿ ಆಡುತ್ತ, ಶ್ವಾಸಕೋಶದ ತಳದಲ್ಲಿ ಅಡ್ಡಗೆರೆಗಳಂಥ ಕುಸಿತಗಳು ಮೂಡುತ್ತವೆ. ಲಂಡನ್ನಿನ ವೈದ್ಯ ವಿಲಿಯಂ ಪಾಶ್ಚರ್ (ರೇಬಿಸ್ ಲಸಿಕೆಯ ಲೂಯಿ ಪಾಶ್ಚರ್ ಬೇರೆ) ಗಂಟಲುಮಾರಿಯಿಂದ ವಪೆಯ ಸ್ನಾಯು ಸೋತ ರೋಗಿಗಳ ಶ್ವಾಸಕೋಶದ ತಳ ಕುಸಿದಿರುವುದನ್ನು ಗಮನಿಸಿ, 1908ರ ಉಪನ್ಯಾಸವೊಂದರಲ್ಲಿ ಅದನ್ನು ವಿವರಿಸಿದನು. ಹೊಟ್ಟೆಯ ಶಸ್ತ್ರಚಿಕಿತ್ಸೆಯ ಬಳಿಕ ನ್ಯೂಮೋನಿಯಾ ಎಂದು ಕರೆಯಲಾಗುತ್ತಿದ್ದುದರಲ್ಲಿ ಒಂದು ಪಾಲು ನಿಜಕ್ಕೂ ಇಂಥ ಕುಸಿತವೆಂದು ಮುಂದೆ ಹೇಳಿದವನೂ ಅವನೇ. ಅರಿವಳಿಕೆ ಪಡೆದ ಬಹುತೇಕ ಎಲ್ಲರ ಶ್ವಾಸಕೋಶದ ತಳದಲ್ಲಿ ಕೆಲವೇ ನಿಮಿಷಗಳಲ್ಲಿ ಸಣ್ಣ ಕುಸಿತಗಳು ಕಾಣಿಸಿಕೊಳ್ಳುವುದನ್ನು 1980ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ಸಿ.ಟಿ. ಚಿತ್ರಗಳಲ್ಲಿ ತೋರಿಸಿದರು. ಅವರಲ್ಲಿ ಹೆಚ್ಚಿನವರಿಗೆ ಅದರ ಸುಳಿವೂ ಹತ್ತುವುದಿಲ್ಲ.

ಸುಳಿವು ಹತ್ತದಿರಲು ಅಂಗರಚನೆಯಲ್ಲಿಯೇ ಕಾರಣವಿದೆ. ಶ್ವಾಸಕೋಶದ ಅಂಗಾಂಶಕ್ಕಾಗಲಿ, ಅದನ್ನು ಹೊದ್ದ ಪ್ಲೂರಾದ ಒಳಪದರಕ್ಕಾಗಲಿ, ಚುಚ್ಚಿದ ಜಾಗವನ್ನು ಹೇಳಬಲ್ಲ ನೋವಿನ ನರಗಳಿಲ್ಲ. ಅಂಥ ನರಗಳು ಇರುವುದು ಎದೆಗೋಡೆಗೆ ಅಂಟಿದ ಹೊರಪದರದಲ್ಲಿ. ಪಕ್ಕೆಲುಬುಗಳ ನಡುವೆ ಹಾಯುವ ನರಗಳು ಅದಕ್ಕೆ ಸಂವೇದನೆ ನೀಡುವುದರಿಂದ, ಅಲ್ಲಿನ ಉರಿಯೂತ ಉಸಿರೆಳೆದಾಗ, ಕೆಮ್ಮಿದಾಗ, ಸೀನಿದಾಗ ಚೂರಿಯಿಂದ ತಿವಿದಂಥ ನೋವಾಗಿ ಅದೇ ಜಾಗದಲ್ಲಿ ತೋರುತ್ತದೆ. ವಪೆಯ ನಡುಭಾಗಕ್ಕೆ ಮಾತ್ರ ನರ ಬರುವುದು ಕುತ್ತಿಗೆಯಿಂದ. ಆದ್ದರಿಂದ ಅಲ್ಲಿ ತೊಂದರೆಯಾದರೆ ನೋವು ಹೆಗಲಿನ ತುದಿಯಲ್ಲಿ ಕಾಣಿಸಿಕೊಂಡು, ಭುಜ ಉಳುಕಿದೆಯೆಂದು ಎಣ್ಣೆ ತಿಕ್ಕಿಸಿಕೊಳ್ಳುವವರೂ ಇದ್ದಾರೆ. ನ್ಯೂಮೋಥೊರಾಕ್ಸ್ ಆದ ಕ್ಷಣದಲ್ಲಿ ಒಂದು ಪಕ್ಕದಲ್ಲಿ ಥಟ್ಟನೆ ಹುಟ್ಟುವ ಚುಚ್ಚುನೋವು ಈ ಹೊರಪದರದ್ದು. ಅದು ಅನೇಕರಲ್ಲಿ ಒಂದು ದಿನದೊಳಗೆ ತಗ್ಗಿಬಿಡುತ್ತದೆ, ಶ್ವಾಸಕೋಶ ಇನ್ನೂ ಕುಸಿದ ಸ್ಥಿತಿಯಲ್ಲೇ ಇದ್ದರೂ. ನೋವು ಹೋಯಿತೆಂದು ಆಸ್ಪತ್ರೆಗೆ ಹೋಗದೆ ಉಳಿದವರಲ್ಲಿ ಕೆಲವರಿಗೆ ದಿನಗಳ ಬಳಿಕ ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟಿದಾಗಲೇ ಸಂಗತಿ ತಿಳಿಯುವುದು.

ಕುಸಿದ ಶ್ವಾಸಕೋಶ ನೋಯಲೇಬೇಕೆಂದಿಲ್ಲ ಎಂಬುದಕ್ಕೆ ವೈದ್ಯಕೀಯದ ಇತಿಹಾಸವೇ ದೊಡ್ಡ ಪುರಾವೆಯೊಂದನ್ನು ಒದಗಿಸಿದೆ. ಕ್ಷಯಕ್ಕೆ ಮದ್ದಿಲ್ಲದ ಕಾಲದಲ್ಲಿ, ರೋಗ ಹಿಡಿದ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಟ್ಟರೆ ಅದರ ಹುಣ್ಣು ಮಾಯಬಹುದೆಂದು ಇಟಲಿಯ ಕಾರ್ಲೊ ಫೋರ್ಲಾನೀನಿ 1882ರಲ್ಲಿ ಸೂಚಿಸಿದನು. ಸೂಜಿಯ ಮೂಲಕ ಪ್ಲೂರಾದ ಸಂದಿಗೆ ಗಾಳಿಯನ್ನೋ ನೈಟ್ರೊಜನನ್ನೋ ತುಂಬಿ ಶ್ವಾಸಕೋಶವನ್ನು ಬೇಕೆಂದೇ ಕುಗ್ಗಿಸುವ ಆ ಚಿಕಿತ್ಸೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಗತ್ತಿನಾದ್ಯಂತ ಹಬ್ಬಿತು. ತುಂಬಿದ ಗಾಳಿಯನ್ನು ದೇಹ ಹೀರಿಕೊಳ್ಳುವುದರಿಂದ ಕೆಲವು ವಾರಗಳಿಗೊಮ್ಮೆ ಮತ್ತೆ ತುಂಬಬೇಕಾಗುತ್ತಿತ್ತು. ಹೀಗೆ ಎರಡು ಮೂರು ವರ್ಷಗಳ ಕಾಲ ಒಂದು ಶ್ವಾಸಕೋಶವನ್ನು ಭಾಗಶಃ ಕುಗ್ಗಿಸಿಕೊಂಡೇ ರೋಗಿಗಳು ನಡೆದಾಡುತ್ತ, ಕೆಲವರು ತಮ್ಮ ಉದ್ಯೋಗವನ್ನೂ ಮಾಡುತ್ತ ಬದುಕಿದರು. ಕೋಲಾರದ ಗಡಿಯಾಚೆ ಮದನಪಲ್ಲಿಯ ಸಮೀಪದ ಆರೋಗ್ಯವರಂ ಕ್ಷಯ ಚಿಕಿತ್ಸಾಲಯ ದಕ್ಷಿಣ ಭಾರತದಲ್ಲಿ ಈ ಪದ್ಧತಿಗೆ ಹೆಸರಾಗಿತ್ತು. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ಬಲಿಯಾದ ಬಳಿಕ ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಎದ್ದ ಚಿಕಿತ್ಸಾಲಯವೂ ಮದ್ದಿಲ್ಲದ ಅದೇ ಯುಗದ ಕೂಸು. ಸ್ಟ್ರೆಪ್ಟೊಮೈಸಿನ್ ಮತ್ತು ಅದರ ಹಿಂದೆಯೇ ಬಂದ ಐಸೊನಯಾಜಿಡ್ ಮಾತ್ರೆಗಳು 1950ರ ದಶಕದಲ್ಲಿ ಈ ಸೂಜಿಗಳನ್ನು ಮೂಲೆಗೆ ಸರಿಸಿದವು. ಆ ಚಿಕಿತ್ಸೆ ಎಷ್ಟು ಜನರನ್ನು ಉಳಿಸಿತೆಂಬುದು ವಾದದ ವಿಷಯ. ಕುಸಿತವೊಂದೇ ನಿರಂತರ ನೋವಿಗೆ ಕಾರಣವಾಗದು ಎಂಬುದಂತೂ ಆ ಸಾವಿರಾರು ರೋಗಿಗಳ ಮೈಮೇಲೆ ಸಿದ್ಧವಾಯಿತು.

ಹಾಗಾದರೆ ವರದಿಯಲ್ಲಿ ಸಣ್ಣ ಕುಸಿತವಿದ್ದು ಎದೆ ನೋಯುತ್ತಿರುವಾಗ ಕಾರಣವನ್ನು ಎಲ್ಲಿ ಹುಡುಕಬೇಕು? ಮೊದಲು ತಳ್ಳಿಹಾಕಬೇಕಾದದ್ದು ಹೃದಯದ ತೊಂದರೆ. ಎದೆಯ ನಡುವೆ ಒತ್ತಿದಂತೆ, ಬಿಗಿದಂತೆ ಆಗಿ ಎಡತೋಳಿಗೋ ದವಡೆಗೋ ಹರಡುವ, ಬೆವರು ಕಿತ್ತುಬರುವ ನೋವನ್ನು ‘ಗ್ಯಾಸ್’ ಎಂದು ಭಾವಿಸಿ ಸೋಡಾ ಕುಡಿದು ಕಾಯುವ ಅಭ್ಯಾಸ ನಾಡಿನಲ್ಲಿ ಎಷ್ಟೋ ಜೀವಗಳನ್ನು ತೆಗೆದಿದೆ. ಎರಡನೆಯದು ‘ಪಲ್ಮನರಿ ಎಂಬಾಲಿಸಮ್’, ಅಂದರೆ ಸಾಮಾನ್ಯವಾಗಿ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿಬಂದು ಶ್ವಾಸಕೋಶದ ರಕ್ತನಾಳವನ್ನು ಕಟ್ಟುವ ರೋಗ. ಮೇಲೆ ಹೇಳಿದ ನಾಲ್ಕನೆಯ ಸಾಧ್ಯತೆಗೆ ಇದೇ ಉದಾಹರಣೆ: ಉಸಿರೆಳೆದಾಗ ಚುಚ್ಚುವ ನೋವು, ಎಕ್ಸ್-ರೇಯಲ್ಲಿ ತಳದ ಒಂದು ಸಣ್ಣ ಕುಸಿತ, ಇವೆರಡನ್ನೂ ಆ ಹೆಪ್ಪೇ ಉಂಟುಮಾಡಿರಬಹುದು, ಮತ್ತು ಎಕ್ಸ್-ರೇಯಲ್ಲಿ ಬೇರೇನೂ ಕಾಣದಿರಬಹುದು. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ಹೆರಿಗೆಯಾಗಿದ್ದರೆ, ಕಾಲಿಗೆ ಸಿಮೆಂಟುಪಟ್ಟಿ ಹಾಕಿದ್ದರೆ, ಗರ್ಭನಿರೋಧಕ ಮಾತ್ರೆ ನಡೆಯುತ್ತಿದ್ದರೆ, ಒಂದು ಕಾಲಿನ ಮೀನಖಂಡ ಮಾತ್ರ ಊದಿಕೊಂಡಿದ್ದರೆ ಅದನ್ನು ವೈದ್ಯರಿಗೆ ತಾನಾಗಿಯೇ ಹೇಳುವುದು ಒಳ್ಳೆಯದು, ಏಕೆಂದರೆ ಇದನ್ನು ಪತ್ತೆಹಚ್ಚುವ ಸಿ.ಟಿ. ಪರೀಕ್ಷೆಗೆ ರಕ್ತನಾಳಕ್ಕೆ ಬಣ್ಣದ ದ್ರಾವಣ ಹಾಕಬೇಕಾಗಿದ್ದು, ಸಂಶಯ ಮೂಡದೆ ಆ ಪರೀಕ್ಷೆಯನ್ನು ಬರೆಯುವುದಿಲ್ಲ.

ಇವು ಅಲ್ಲವೆಂದಾದ ಮೇಲೆ ನೋವಿನ ಹೆಚ್ಚಿನ ಪಾಲು ಎದೆಗೋಡೆಯಲ್ಲಿಯೇ ಇರುತ್ತದೆ. ಪಕ್ಕೆಲುಬುಗಳು ಎದೆಮೂಳೆಯನ್ನು ಕೂಡುವ ಮೃದ್ವಸ್ಥಿಗಳು ಬೇನೆಗೊಂಡರೆ ಅದು ‘ಕಾಸ್ಟೊಕಾಂಡ್ರೈಟಿಸ್’. ಬೆರಳಿನಿಂದ ಒತ್ತಿದರೆ ಅದೇ ನೋವು ಮರುಕಳಿಸುವುದು ಅದರ ಗುರುತು. ಅಲ್ಲಿ ಬಾವೂ ಕಂಡರೆ ಅದನ್ನು 1921ರಲ್ಲಿ ವರ್ಣಿಸಿದ ಜರ್ಮನಿಯ ಶಸ್ತ್ರವೈದ್ಯ ಟೀಟ್ಸೆಯ ಹೆಸರಿನಿಂದ ಕರೆಯುತ್ತಾರೆ. ಕೆಳಗಿನ ಪಕ್ಕೆಲುಬಿನ ತುದಿ ಸಡಿಲವಾಗಿ ಮೇಲಿನದರ ಕೆಳಗೆ ಜಾರುವುದು, ಬೆನ್ನುಹುರಿಯಿಂದ ಹೊರಡುವ ನರ ಒತ್ತಿಕೊಳ್ಳುವುದು, ಅನ್ನನಾಳಕ್ಕೆ ಆಮ್ಲ ಉಕ್ಕುವುದು, ಗಾಬರಿಯ ಕಾಯಿಲೆ ಇವೂ ಪಟ್ಟಿಯಲ್ಲಿವೆ. ಸರ್ಪಸುತ್ತು ಎಂದು ಜನ ಕರೆಯುವ ಹರ್ಪಿಸ್ ಜೋಸ್ಟರಿನಲ್ಲಿ ಗುಳ್ಳೆಗಳು ಏಳುವುದಕ್ಕೆ ಕೆಲವು ದಿನಗಳ ಮೊದಲೇ ಒಂದು ಪಕ್ಕದಲ್ಲಿ ಪಟ್ಟಿಯಂತೆ ಉರಿನೋವು ಆರಂಭವಾಗುವುದರಿಂದ, ಆ ನಡುವಿನ ದಿನಗಳಲ್ಲಿ ಇ.ಸಿ.ಜಿ., ಎಕ್ಸ್-ರೇ, ಸ್ಕ್ಯಾನ್ ಎಲ್ಲವೂ ಸರಿಯಾಗಿದ್ದು, ಕಾರಣ ತಿಳಿಯದ ನೋವೆಂಬ ಹಣೆಪಟ್ಟಿ ಅಂಟಿಬಿಡುತ್ತದೆ.

ಹೆಂಗಸರ ವಿಷಯದಲ್ಲಿ ಇನ್ನೊಂದು ಕಾರಣವನ್ನು ವಿಸ್ತಾರವಾಗಿ ಹೇಳಬೇಕಾಗಿದೆ, ಅದು ವರ್ಷಗಟ್ಟಲೆ ಗುರುತಾಗದೆ ಉಳಿಯುವುದರಿಂದ. ಗರ್ಭಕೋಶದ ಒಳಪದರದಂಥ ಅಂಗಾಂಶ ದೇಹದ ಬೇರೆಡೆ ಬೆಳೆಯುವ ‘ಎಂಡೊಮೆಟ್ರಿಯೋಸಿಸ್’ ಕೆಲವೊಮ್ಮೆ ವಪೆಯನ್ನೂ ಪ್ಲೂರಾವನ್ನೂ ತಲುಪುತ್ತದೆ. ಅಂಥವರಲ್ಲಿ ಮುಟ್ಟು ಆರಂಭವಾಗುವ ಹೊತ್ತಿನ ಆಚೀಚೆ, ಸಾಮಾನ್ಯವಾಗಿ 72 ಗಂಟೆಗಳೊಳಗೆ, ಬಲಗಡೆಯ ಎದೆಯಲ್ಲೋ ಬಲಹೆಗಲಿನಲ್ಲೋ ನೋವು ಬಂದು, ಕೆಲವರಿಗೆ ಶ್ವಾಸಕೋಶ ಭಾಗಶಃ ಕುಸಿಯುತ್ತದೆ. ನಾಲ್ಕಾರು ದಿನಗಳಲ್ಲಿ ಎಲ್ಲವೂ ಸರಿಹೋಗಿ, ತಿಂಗಳು ತುಂಬಿದಾಗ ಮತ್ತೆ ತಲೆದೋರುತ್ತದೆ. 1958ರಲ್ಲಿ ಮೊದಲು ವರದಿಯಾದ ಈ ರೋಗದ ಸುಳಿವು ಹಿಡಿಯಲು ಬೇಕಾದ ಸಾಧನ ಕ್ಯಾಲೆಂಡರು ಮಾತ್ರ. ಎದೆನೋವಿಗೆಂದು ಬಂದ ಹೆಂಗಸಿನ ಮುಟ್ಟಿನ ದಿನವನ್ನು ಹೃದಯದ ವೈದ್ಯರು ಕೇಳುವುದಿಲ್ಲ, ಸ್ತ್ರೀರೋಗ ತಜ್ಞರು ಹೆಗಲಿನ ನೋವನ್ನು ಕೇಳುವುದಿಲ್ಲ, ಆಕೆಯೂ ಸಂಕೋಚದಿಂದ ಎರಡನ್ನು ಜೋಡಿಸಿ ಹೇಳುವುದಿಲ್ಲ. ಹೀಗೆ ಸುಲಭವಾಗಿ ಸಿಗಬೇಕಾದ ಉತ್ತರ ದೂರವೇ ಉಳಿಯುತ್ತದೆ.

ಚಿಕಿತ್ಸೆಯ ಬಗ್ಗೆ ಹೇಳುವುದಾದರೆ, ನೋವಿನಿಂದ ಹುಟ್ಟಿದ ಕುಸಿತಕ್ಕೆ ನೋವನ್ನು ತಗ್ಗಿಸುವುದೇ ಮೊದಲ ಮದ್ದು. ಪಕ್ಕೆಲುಬು ಮುರಿದವರಿಗೆ ಎದೆಗೆ ಬಿಗಿಯಾಗಿ ಪಟ್ಟಿ ಸುತ್ತುವ ಹಳೆಯ ಪದ್ಧತಿ ಉಸಿರನ್ನು ಇನ್ನಷ್ಟು ಕಿರಿದುಗೊಳಿಸುವುದರಿಂದ ಅದನ್ನು ಈಗ ಕೈಬಿಡಲಾಗಿದೆ. ಶಸ್ತ್ರಚಿಕಿತ್ಸೆಯ ಬಳಿಕ ಕೈಗೆ ಕೊಡುವ, ಉಸಿರೆಳೆದರೆ ಮೂರು ಚೆಂಡುಗಳು ಮೇಲೇಳುವ ಪ್ಲಾಸ್ಟಿಕ್ ಸಾಧನದಿಂದ ಹಾನಿಯಿಲ್ಲ; ಆದರೆ ಅದೊಂದರಿಂದಲೇ ಕುಸಿತ ತಪ್ಪುತ್ತದೆಂಬುದಕ್ಕೆ ಗಟ್ಟಿಯಾದ ಆಧಾರ ದೊರೆತಿಲ್ಲ. ಸಾಕಷ್ಟು ನೋವುನಿವಾರಕ ಕೊಟ್ಟು ರೋಗಿಯನ್ನು ಬೇಗನೆ ಎಬ್ಬಿಸಿ ಕೂರಿಸಿ ನಡೆದಾಡಿಸುವುದಕ್ಕೆ ಆ ಸಾಧನ ಬದಲಿಯಾಗದು, ಮಂಚದ ಪಕ್ಕದಲ್ಲಿ ಅದನ್ನು ಇಟ್ಟುಹೋದ ಮಾತ್ರಕ್ಕೆ ಕರ್ತವ್ಯ ಮುಗಿದಂತೆಯೂ ಆಗದು. ಒಂದೇ ಹಾಲೆ ವಾರಗಟ್ಟಲೆ ಕುಸಿದೇ ಇದ್ದರೆ, ಅದರಲ್ಲಿಯೂ ಬಹುಕಾಲ ಬೀಡಿ ಸೇದಿದವರಲ್ಲಿ, ಕೊಳವೆಯಂಥ ದರ್ಶಕದಿಂದ ಶ್ವಾಸನಾಳದ ಒಳಗನ್ನು ನೋಡುವ ‘ಬ್ರಾಂಕೊಸ್ಕೋಪಿ’ ಅನಿವಾರ್ಯ; ಗಡ್ಡೆಯೋ ಅಡಿಕೆಚೂರೋ ತಿಳಿಯುವುದು ಅದರಿಂದಲೇ.

ನ್ಯೂಮೋಥೊರಾಕ್ಸಿನಲ್ಲಿ ದಾರಿ ಬೇರೆ. ಸೋರಿಕೆ ನಿಂತಿದ್ದರೆ, ಸಂದಿನ ಗಾಳಿಯಲ್ಲಿ ಆ ಪಾರ್ಶ್ವದ ಗಾತ್ರದ ಸುಮಾರು ಶೇ. 1.25ರಿಂದ 2.2ರಷ್ಟನ್ನು ದೇಹ ದಿನವೂ ಹೀರಿಕೊಳ್ಳುತ್ತದೆ. ದೊಡ್ಡ ಕುಸಿತವೆಂದರೆ ಎದೆಗೆ ಕೊಳವೆ ಹಾಕಲೇಬೇಕೆಂಬ ನಂಬಿಕೆ ಬಹುಕಾಲ ಇತ್ತು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಆಸ್ಪತ್ರೆಗಳಲ್ಲಿ 316 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೇರೆ ಶ್ವಾಸಕೋಶ ರೋಗವಿಲ್ಲದೆ ಸ್ಥಿರವಾಗಿದ್ದವರನ್ನು ಕೊಳವೆಯಿಲ್ಲದೆ ಕಾದು ನೋಡಿದಾಗಲೂ ಬಹುಪಾಲು ಜನರ ಶ್ವಾಸಕೋಶ ಎಂಟು ವಾರಗಳೊಳಗೆ ಹಿಗ್ಗಿಕೊಂಡಿತು, ಮತ್ತು ಆ ಗುಂಪಿನಲ್ಲಿ ಕೊಳವೆಯ ಅಗತ್ಯ ಬಿದ್ದದ್ದು ಸುಮಾರು ಶೇ. 15ರಷ್ಟು ಮಂದಿಗೆ ಮಾತ್ರ. ಸೋರಿದ ಗಾಳಿ ಹೊರಬರಲಾರದೆ ಒತ್ತಡ ಏರುತ್ತ ಹೋಗಿ ಹೃದಯವನ್ನೂ ಒತ್ತುವ ಸ್ಥಿತಿ ಮಾತ್ರ ನಿಮಿಷಗಳ ಲೆಕ್ಕದ ತುರ್ತು. ದಮ್ಮು ಏರುತ್ತಿದ್ದು, ತುಟಿ ನೀಲಿಗಟ್ಟಿ, ನಾಡಿ ಓಡುತ್ತಿರುವಾಗ ಸ್ಕ್ಯಾನಿಗೆ ಕಾಯದೆ 108ಕ್ಕೆ ಕರೆಮಾಡಬೇಕು. ವಿಮಾನ ಮೇಲೇರಿದಂತೆ ಒಳಗಿನ ಒತ್ತಡ ತಗ್ಗಿ ಸಿಕ್ಕಿಬಿದ್ದ ಗಾಳಿ ಹಿಗ್ಗುವುದರಿಂದ, ಶ್ವಾಸಕೋಶ ಪೂರ್ತಿ ಹಿಗ್ಗಿದ್ದು ಎಕ್ಸ್-ರೇಯಲ್ಲಿ ಖಚಿತವಾಗಿ ಒಂದು ವಾರವಾದರೂ ಕಳೆಯುವವರೆಗೆ ವಿಮಾನಯಾನ ಸಲ್ಲದು; ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬಂದು ಹೋಗುವ ಕರಾವಳಿಯ ಜನ ಇದನ್ನು ಟಿಕೆಟ್ ಕಾದಿರಿಸುವ ಮೊದಲೇ ವೈದ್ಯರೊಡನೆ ಮಾತಾಡಬೇಕಾಗುತ್ತದೆ.

ಇನ್ನು ಉಳಿಯುವುದು ವರದಿಯಲ್ಲಿ ಪಟ್ಟಿಯಿದ್ದು, ಹೃದಯ ಸರಿಯಿದ್ದು, ಹೆಪ್ಪು ಇಲ್ಲವೆಂದಾಗಿ, ನೋವು ಮಾತ್ರ ಬಂದುಹೋಗುತ್ತಿರುವವರ ಪ್ರಶ್ನೆ. ಅವರು ಮುಂದಿನ ಭೇಟಿಯಲ್ಲಿ ತಿಳಿಸಬೇಕಾದದ್ದು ನೋವಿನ ತೀವ್ರತೆಗಿಂತ ಮಿಗಿಲಾಗಿ ಅದರ ನಡತೆಯನ್ನು: ಉಸಿರೆಳೆದಾಗ ಹೆಚ್ಚುವುದೇ, ಒತ್ತಿದರೆ ಸಿಗುವುದೇ, ಊಟದ ಬಳಿಕ ಮಲಗಿದಾಗ ಬರುವುದೇ, ನಡೆದಾಗ ಬಂದು ನಿಂತಾಗ ಹೋಗುವುದೇ, ಮುಂದಕ್ಕೆ ಬಾಗಿ ಕುಳಿತರೆ ಕಡಿಮೆಯಾಗುವುದೇ ಎಂಬುದನ್ನು. ಆ ಕುಸಿತ ಹೊಸದೋ ಹಳೆಯದೋ ಎಂಬುದನ್ನು ಇನ್ನೊಂದು ಸ್ಕ್ಯಾನಿಗಿಂತ ಅಗ್ಗವಾಗಿ ತೀರ್ಮಾನಿಸಬಲ್ಲದ್ದು ಹಿಂದೆಂದೋ ತೆಗೆಸಿದ ಎಕ್ಸ್-ರೇ ಫಿಲ್ಮು. ಬಾಲ್ಯದಲ್ಲಿ ಬಂದುಹೋದ ಕ್ಷಯವೋ ನ್ಯೂಮೋನಿಯಾವೋ ಬಿಟ್ಟುಹೋದ ಕಲೆಯನ್ನೂ ಸಿ.ಟಿ. ವರದಿಗಳು ಅನೇಕ ಸಲ ಇದೇ ಕುಸಿತದ ಪಟ್ಟಿಗಳ ಜೊತೆಗೆ ಸೇರಿಸಿ ಬರೆಯುತ್ತವೆ; ಐದು ವರ್ಷಗಳ ಹಿಂದಿನ ಫಿಲ್ಮಿನಲ್ಲಿಯೂ ಅದೇ ಜಾಗದಲ್ಲಿ ಅದೇ ಗೆರೆ ಇದ್ದರೆ, ಕಳೆದ ತಿಂಗಳು ಆರಂಭವಾದ ನೋವಿಗೆ ಅದು ಕಾರಣವಲ್ಲವೆಂದು ನಿಸ್ಸಂದೇಹವಾಗಿ ಹೇಳಬಹುದು. ದೊಡ್ಡ ಕಾಗದದ ಚೀಲದಲ್ಲಿ ಬೀರುವಿನ ಮೇಲೆ ಬಿದ್ದಿರುವ ಹಳೆಯ ಫಿಲ್ಮುಗಳನ್ನು, ಬರೀ ವರದಿಯ ಹಾಳೆಯನ್ನಲ್ಲ, ವೈದ್ಯರ ಬಳಿಗೆ ಕೊಂಡೊಯ್ಯುವುದು ಆ ಕಾರಣಕ್ಕೆ ಅಗತ್ಯ.